ಎಣ್ಣೆಯ ಮೇಲಿನ ಅತಿ ನಂಬಿಕೆ

ಗಾಜಿನ ಜಾಡಿ, ಅದರ ತುಂಬ ಆಲಿವ್ ಎಣ್ಣೆ, ಒಳಗೆ ಒಣ ಟೊಮೇಟೊ ಹೋಳು, ನಡುನಡುವೆ ಹಸಿ ಬೆಳ್ಳುಳ್ಳಿ ಎಸಳು, ಬೇಸಿಲ್ ಎಲೆ. ಬಿಸಿಲಲ್ಲಿ ಒಣಗಿಸಿದ ಟೊಮೇಟೊ ನಮ್ಮ ನಗರಗಳ ಅಡುಗೆಮನೆಗೆ ಬಂದದ್ದು ಹೆಚ್ಚಾಗಿ ಈ ರೂಪದಲ್ಲಿ. ಕಣ್ಣಿಗೆ ಚೆಂದ, ರುಚಿಯೂ ನಿಜ. ಆದರೆ ಈ ಜಾಡಿಯನ್ನು ಫ್ರಿಜ್ಜಿನ ಹೊರಗೆ ತಿಂಗಳುಗಟ್ಟಲೆ ಇಡುವ ರೂಢಿಯನ್ನು ನಾನು ಒಪ್ಪಲಾರೆ.

ಮೂಲದ ಕ್ರಮ ಹೀಗಿಲ್ಲ. ದಕ್ಷಿಣ ಇಟಲಿಯ ಪುಲಿಯಾ, ಕಲಾಬ್ರಿಯಾ, ಸಿಸಿಲಿಗಳಲ್ಲಿ ಬೇಸಿಗೆಯ ಟೊಮೇಟೊವನ್ನು ಉದ್ದಕ್ಕೆ ಸೀಳಿ, ಉಪ್ಪು ಹಾಕಿ, ಒಣಹವೆಯ ಬಿಸಿಲಿಗೆ ಹರಡುತ್ತಾರೆ. ರಾತ್ರಿ ಇಬ್ಬನಿ ತಾಗದಂತೆ ಒಳಗೆ ತರುತ್ತಾರೆ. ಎಣ್ಣೆಗೆ ಹಾಕುವ ಮುನ್ನ ಎಷ್ಟೋ ಮನೆಗಳಲ್ಲಿ ಒಣ ಹೋಳುಗಳನ್ನು ವಿನೆಗರ್ ಬೆರೆಸಿದ ನೀರಲ್ಲಿ ಒಂದು ಕುದಿ ಬರಿಸಿ, ಮತ್ತೆ ಆರಿಸುತ್ತಾರೆ. ಈ ಪದ್ಧತಿಯ ಜೀವಾಳ ಆ ಹುಳಿಯಲ್ಲಿದೆ. ನಕಲು ಮಾಡುವಾಗ ಮೊದಲು ಕೈಬಿಟ್ಟದ್ದೂ ಅದನ್ನೇ.

ನಾವು ಕೈಬಿಟ್ಟದ್ದಕ್ಕೆ ಕಾರಣ ಉಪ್ಪಿನಕಾಯಿಯ ಅನುಭವ ಇರಬೇಕು. ಎಣ್ಣೆ ಮೇಲೆ ನಿಂತರೆ ಕೆಡುವುದಿಲ್ಲ ಎಂದು ಕೇಳಿಯೇ ಬೆಳೆದವರು ನಾವು. ಮಾವಿನಕಾಯಿಯನ್ನು ಕಾಯುವುದು ಅದರ ಹುಳಿ ಮತ್ತು ಧಾರಾಳ ಉಪ್ಪು. ಎಣ್ಣೆ ಗಾಳಿಯನ್ನು ತಡೆದು ಬೂಷ್ಟನ್ನು ದೂರವಿಡುತ್ತದೆ, ಅಷ್ಟೆ. ಗಾಳಿಯಿಲ್ಲದ ಜಾಗವನ್ನೇ ಬಯಸುವ ಜೀವಿಯೊಂದಿದೆ: ಕ್ಲಾಸ್ಟ್ರಿಡಿಯಂ ಬೊಟುಲಿನಂ. ಅದರ ಬೀಜಕಣಗಳು ಮಣ್ಣಿನಲ್ಲಿರುತ್ತವೆ, ಹಾಗಾಗಿ ಬೆಳ್ಳುಳ್ಳಿಯ ಮೇಲೂ ಇರಬಹುದು. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯದು. ಚೆನ್ನಾಗಿ ಒಣಗಿದ ಟೊಮೇಟೊದಲ್ಲಿ ನೀರು ಕಡಿಮೆ, ಹುಳಿ ಗಟ್ಟಿ, ಅಪಾಯವೂ ಕಡಿಮೆ. ಹಸಿ ಬೆಳ್ಳುಳ್ಳಿ, ಹಸಿ ಸೊಪ್ಪಿನಲ್ಲಿ ನೀರಿದೆ, ಹುಳಿಯಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಹೋಟೆಲೊಂದರಲ್ಲಿ 36 ಜನರನ್ನು ಹಾಸಿಗೆ ಹಿಡಿಸಿದ್ದು ಫ್ರಿಜ್ಜಿನ ಹೊರಗಿಟ್ಟ, ಎಣ್ಣೆಯಲ್ಲಿ ನೆನೆದ ಬೆಳ್ಳುಳ್ಳಿ.

ಒಣಗಿಸಿದ್ದನ್ನು ಒಣಗಿದಂತೆಯೇ ಇಡುವುದು ಮೇಲು. ನಮ್ಮಲ್ಲಿ ಬಯಲುಸೀಮೆಯ ಮಾರ್ಚ್, ಏಪ್ರಿಲ್ ಬಿಸಿಲು ಇದಕ್ಕೆ ಹೇಳಿಮಾಡಿಸಿದ್ದು. ಕರಾವಳಿಯ ತೇವದ ಗಾಳಿಯಲ್ಲಿ ಮೇಲ್ಮೈ ಒಣಗಿ ಒಳಗು ಹಸಿಯೇ ಉಳಿಯುತ್ತದೆ. ಹೋಳು ಮಡಿಚಿದರೆ ಬಾಗಬೇಕು, ಬೆರಳಿಗೆ ಅಂಟಬಾರದು, ಹಿಚುಕಿದರೆ ರಸ ಒಸರಬಾರದು. ಆರಿದ ಮೇಲೆ ಜಾಡಿಯ ಮುಕ್ಕಾಲಿನಷ್ಟು ಸಡಿಲವಾಗಿ ತುಂಬಿ, 7ರಿಂದ 10 ದಿನ ದಿನಕ್ಕೊಮ್ಮೆ ಕುಲುಕಬೇಕು. ಗಾಜಿನ ಒಳಗೋಡೆಯಲ್ಲಿ ನೀರಹನಿ ಕಂಡರೆ ಮತ್ತೆ ಬಿಸಿಲಿಗೆ. ಯಾರೂ ಹೇಳಿಕೊಡದ ಈ ಹಂತವನ್ನು ನಾನು ಎಲ್ಲಕ್ಕಿಂತ ಮುಖ್ಯ ಎನ್ನುತ್ತೇನೆ, ಏಕೆಂದರೆ ಸರಿಯಾಗಿ ಒಣಗದ ನಾಲ್ಕು ಹೋಳು ಇಡೀ ಜಾಡಿಗೆ ತೇವ ಹಂಚುತ್ತವೆ. ಆಮೇಲೆ ತಂಪು, ಕತ್ತಲೆ, ಬಿಗಿ ಮುಚ್ಚಳ. ಎಣ್ಣೆಯ ರುಚಿ ಬೇಕೆನಿಸಿದಾಗ ಬೇಕಾದಷ್ಟನ್ನೇ ನೆನೆಸಿ ಫ್ರಿಜ್ಜಿನಲ್ಲಿಡಬಹುದು. ಬೆಳ್ಳುಳ್ಳಿ ಸೇರಿಸಿದ್ದರೆ 4 ದಿನದೊಳಗೆ ಮುಗಿಸಬೇಕು.

ಇನ್ನು ಕೆಟ್ಟಿದೆಯೇ ಎಂಬ ಪರೀಕ್ಷೆ. ಬಣ್ಣ ಕಂದಿದರೆ ಹೆದರಬೇಕಿಲ್ಲ, ರುಚಿ ತುಸು ಇಳಿದಿರುತ್ತದೆ. ಹರಳುಹರಳಾದ ಬಿಳಿ ಚುಕ್ಕೆ ಉಪ್ಪಿರಬಹುದು. ಎಳೆಎಳೆಯಾಗಿ, ನವಿರು ಕೂದಲಿನಂತೆ ಎದ್ದಿದ್ದರೆ ಬೂಷ್ಟು, ಆಗ ಜಾಡಿ ಪೂರ್ತಿ ಎಸೆಯಬೇಕು. ಫ್ರಿಜ್ಜಿನಲ್ಲಿ ಆಲಿವ್ ಎಣ್ಣೆ ಹೆಪ್ಪುಗಟ್ಟುವುದು ಸಹಜ. ಕಮಟು ವಾಸನೆ, ಗುಳ್ಳೆ, ಉಬ್ಬಿದ ಮುಚ್ಚಳ ಇವೆಲ್ಲ ಕೆಟ್ಟಿರುವುದರ ಗುರುತು. ಆದರೆ ಬೊಟುಲಿನಂ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಚೂರು ನಾಲಿಗೆಗಿಟ್ಟು ನೋಡುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು, ಪ್ರಾಣಕ್ಕೇ ಎರವಾಗಬಹುದು. ಹಸಿ ಬೆಳ್ಳುಳ್ಳಿ ಹಾಕಿದ ಎಣ್ಣೆಜಾಡಿ ವಾರಗಟ್ಟಲೆ ಹೊರಗೇ ಇದ್ದರೆ, ಎಷ್ಟೇ ಘಮಘಮಿಸಲಿ, ಎಸೆಯಿರಿ. ಹಾಳಾಗುತ್ತದಲ್ಲ ಎಂದು ಹಸುವಿನ ಕಲಗಚ್ಚಿಗೂ ಸುರಿಯಬೇಡಿ. ಆ ವಿಷ ದನಕರುಗಳನ್ನೂ ಕೊಲ್ಲುತ್ತದೆ.