‘ಲ್ಯಾಟರೈಟ್’ ಶಬ್ದದ ಮೂಲ

‘ಲ್ಯಾಟರೈಟ್’ ಶಬ್ದವು ಇಟ್ಟಿಗೆಯೆಂಬರ್ಥದ ಲ್ಯಾಟಿನ್ ‘ಲಾಟರ್’ ಪದದಿಂದ ಹುಟ್ಟಿತೆಂದು ಕೋಶಗಳು ಹೇಳುತ್ತವೆ. ಇಷ್ಟಕ್ಕೇ ನಿಂತರೆ ಅದು ಅರ್ಧಸತ್ಯ. 1807ರಲ್ಲಿ ಪ್ರಕಟವಾದ ಪ್ರವಾಸಗ್ರಂಥದಲ್ಲಿ ಈ ಹೆಸರನ್ನಿಟ್ಟ ಫ್ರಾನ್ಸಿಸ್ ಬುಕಾನನ್ನನು, ನೆಲದೊಳಗೆ ಮೆದುವಾಗಿರುವ ಈ ಕಲ್ಲು ಕಡಿದು ಗಾಳಿಗೊಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಮಲಬಾರಿನಲ್ಲಿ ಕಂಡನು. ದೇಶಭಾಷೆಗಳಲ್ಲಿ ಇದಕ್ಕೆ ‘ಇಟ್ಟಿಗೆಕಲ್ಲು’ ಎಂಬ ಹೆಸರಿರುವುದನ್ನೂ ತಾನೇ ಬರೆದನು. ಆದುದರಿಂದ ಶಾಸ್ತ್ರನಾಮವು ಜನರ ಮಾತಿನ ಭಾಷಾಂತರವೇ ಸರಿ. ಸಂಸ್ಕೃತದ ‘ಇಷ್ಟಕಾ’ ತದ್ಭವವಾಗಿ ‘ಇಟ್ಟಿಗೆ’ಯಾಯಿತು, ಅದೇ ಪದ ಕನ್ನಡದ ‘ಜಂಬಿಟ್ಟಿಗೆ’ಯಲ್ಲಿಯೂ ಇದೆ. ಸವದತ್ತಿ, ಬೈಲಹೊಂಗಲಗಳ ಎರೆನೆಲವನ್ನು ಬಿಟ್ಟು, ಕಿತ್ತೂರನ್ನು ದಾಟಿ ಖಾನಾಪುರದ ಕಡೆಗೆ ಹೋಗುವ ವಿದ್ಯಾರ್ಥಿಗೆ ಈ ಕಲ್ಲು ಕಾಣಸಿಗುತ್ತದೆ. ಅವನಿಗೆ ‘ಜಂಬಿಟ್ಟಿಗೆ’ಯನ್ನು ಮೊದಲು ಕಲಿಸಿ, ‘ಲ್ಯಾಟರೈಟ್’ ಎಂಬುದು ಇಟ್ಟಿಗೆಕಲ್ಲಿನ ಅನುವಾದವೆಂದು ಬಳಿಕ ತಿಳಿಸುವುದೇ ಯುಕ್ತ.