‘ಹಂಸಗೀತೆ’ ಮತ್ತು ಅದರ ಎರಡು ಚಿತ್ರರೂಪಗಳು

ಕಾದಂಬರಿಯೊಂದು ಚಲಚ್ಚಿತ್ರವಾದಾಗ ಮೂಲಕಥೆ ಎಷ್ಟು ಉಳಿಯಿತು, ಎಷ್ಟು ಅಳಿಯಿತು ಎಂದು ಲೆಕ್ಕ ಹಾಕುವುದು ವಾಡಿಕೆ. ಆದರೆ ಸಂಗೀತವೇ ಜೀವಾಳವಾದ ಕಥೆಗೆ ಈ ಅಳತೆಗೋಲು ಸಾಲದು. ಅಲ್ಲಿ ಗಾಯಕನು ಯಾರಿಗಾಗಿ ಹಾಡುತ್ತಾನೆ ಎಂಬುದೇ ಮುಖ್ಯ ಪ್ರಶ್ನೆ. ತ. ರಾ. ಸುಬ್ಬರಾಯರ ‘ಹಂಸಗೀತೆ’ಯಿಂದ ಹುಟ್ಟಿದ ಎರಡು ಚಿತ್ರಗಳನ್ನು ಸಂಗೀತಪ್ರಿಯರಾದ ನಾವು ಈ ದೃಷ್ಟಿಯಿಂದ ನೋಡಿದ್ದೇವೆ.

1952ರ ಈ ಕಾದಂಬರಿಗೆ ಚಿತ್ರದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಐತಿಹ್ಯವೇ ಆಧಾರ. ಆಳುವವರ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡವನು ಅವನು. 1956ರಲ್ಲಿ ಇದೇ ಕಥೆ ರಾಜಾ ನವಾಥೆಯವರ ನಿರ್ದೇಶನದಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾಯಿತು. ದುರ್ಗದ ಕೋಟೆ ಹೋಗಿ ಉತ್ತರದ ದರ್ಬಾರು ಬಂದಿತು, ವೆಂಕಟಸುಬ್ಬಯ್ಯ ಗೋಪಾಲನಾದ. ಭರತ್ ಭೂಷಣ್ ಮತ್ತು ನಿಮ್ಮಿಯರ ಪ್ರಣಯವು ಕಥೆಯ ನಡುಮನೆಯನ್ನು ಆಕ್ರಮಿಸಿತು. ಶಂಕರ್–ಜೈಕಿಶನ್‌ರ ಸಂಗೀತ ಮಧುರವಾದದ್ದು, ಅದನ್ನು ಅಲ್ಲಗಳೆಯಲಾಗದು.

ಈ ಚಿತ್ರದಲ್ಲಿ ಬಸಂತ್ ರಾಗದ ಸ್ಪರ್ಧೆಯೊಂದಿದೆ. ನಾಯಕನಿಗೆ ಮನ್ನಾ ಡೇ, ಎದುರಾಳಿಗೆ ನಮ್ಮ ಗದಗ ಸೀಮೆಯ ಪಂಡಿತ ಭೀಮಸೇನ ಜೋಶಿಯವರು ಕಂಠ ನೀಡಿದ್ದಾರೆ. ಜೋಶಿಯವರೆದುರು ಹಾಡಿ ಗೆಲ್ಲಬೇಕೆಂದಾಗ ಅಳುಕಿದ್ದುದನ್ನು ಮನ್ನಾ ಡೇ ಅವರೇ ಹೇಳಿಕೊಂಡಿದ್ದಾರೆ. ಕಥೆಯಲ್ಲಿ ನಾಯಕ ಗೆಲ್ಲುತ್ತಾನೆ. ಕಣ್ಣು ಅದನ್ನು ಒಪ್ಪಿದರೂ ಕಿವಿ ಒಪ್ಪುವುದಿಲ್ಲ! ಸೋತವನ ತಾನವೇ ನಮ್ಮ ಮನಸ್ಸಿನಲ್ಲಿ ನಿಲ್ಲುತ್ತದೆ. ನಾದವನ್ನು ಗೆಲುವಿನ ಸಾಧನವಾಗಿಸಿದ ಕಥೆಯನ್ನು ನಾದವೇ ಹೀಗೆ ಸುಳ್ಳಾಗಿಸಿತು.

1975ರಲ್ಲಿ ಜಿ. ವಿ. ಅಯ್ಯರ್ ಕನ್ನಡದಲ್ಲಿ ‘ಹಂಸಗೀತೆ’ಯನ್ನು ತೆರೆಗೆ ತಂದರು. ಅನಂತನಾಗ್ ನಾಯಕ, ಎಂ. ಬಾಲಮುರಳಿಕೃಷ್ಣ ಮತ್ತು ಬಿ. ವಿ. ಕಾರಂತರ ಸಂಗೀತ. ಇದರ ಗಾಯನಕ್ಕೆ ಬಾಲಮುರಳಿಯವರು ರಾಷ್ಟ್ರಪ್ರಶಸ್ತಿ ಪಡೆದರು. ಚಿತ್ರದ ನಿಧಾನಗತಿ ಕೆಲವರಿಗೆ ಬೇಸರ ತಂದೀತು. ಆದರೂ ಇಲ್ಲಿ ಒಲವು ಕಲೆಯ ದಾರಿಯಲ್ಲೊಂದು ತಂಗುದಾಣ ಮಾತ್ರ. ಗರ್ವದಿಂದ ಹೊರಟ ಗಾಯಕ ಸಮರ್ಪಣೆಯಲ್ಲಿ ಕೊನೆಗಾಣುತ್ತಾನೆ. ಶೃಂಗಾರವು ಭಕ್ತಿಗೆ ದಾರಿಬಿಟ್ಟುಕೊಡುವ ಈ ಕ್ರಮವೇ ಮೂಲಕಥೆಯ ಪ್ರಾಣವೆಂದು ನಮ್ಮ ಅಭಿಪ್ರಾಯ.

ಇದು ಕೇವಲ ರಸಿಕರ ವಿಚಾರವಲ್ಲ. ಹನ್ನೂರ, ಅಕ್ಕಲಕೋಟೆಗಳ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಚಿತ್ರಮಂದಿರದಲ್ಲಿ ಹಿಂದಿ. ಬಸಂತ್ ರಾಗದ ಆ ಹಾಡನ್ನು ಗುನುಗುವ ನಮ್ಮ ಹಿರಿಯರಲ್ಲೂ ಅನೇಕರು ಆ ಕಥೆ ಕನ್ನಡದ್ದೆಂದು ಅರಿಯರು. ತನ್ನ ಮನೆಯ ದೀಪವನ್ನೇ ನೆರೆಮನೆಯ ಬೆಳಕೆಂದು ನೋಡುವ ಸ್ಥಿತಿಯಿದು. ಇದಕ್ಕೆ ಹಿಂದಿಯನ್ನು ದೂರಿ ಫಲವಿಲ್ಲ. ಕಾದಂಬರಿಯ ಒಂದು ಅಧ್ಯಾಯವನ್ನು ತರಗತಿಯಲ್ಲಿ ಓದಿಸಿ, ಆ ಬಳಿಕ ಹಾಡನ್ನು ಕೇಳಿಸಿದರೆ ಸಾಕು. ಗೆದ್ದವರು ಯಾರೆಂದು ಮಕ್ಕಳೇ ಹೇಳುತ್ತಾರೆ. ಶಿಕ್ಷಕ ಬಂಧುಗಳು ಇದನ್ನೊಮ್ಮೆ ಮಾಡಿ ನೋಡಲೆಂದು ನಮ್ಮ ವಿನಂತಿ.