ರ‍್ಯಾಪಿಗೊಂದು ಗುಮಟೆ

2025ರಲ್ಲಿ ಬಂದ ಹನುಮಾನ್‌ಕೈಂಡ್ ಅವರ ‘ರನ್ ಇಟ್ ಅಪ್’ ಹಾಡಿನ ನಿಜವಾದ ನಾಯಕ ಕೇರಳದ ಚೆಂಡೆ. ಬೆಂಗಳೂರಿನಲ್ಲಿ ನೆಲೆಸಿ ಹೆಸರಾದ ಈ ರ‍್ಯಾಪರ್ ಅದೇ ವರ್ಷದ ಏಪ್ರಿಲ್‌ನಲ್ಲಿ ಚೆಂಡೆಯವರನ್ನು ಅಮೆರಿಕದ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆಗೂ ಕರೆದೊಯ್ದರು. ಇತ್ತೀಚಿನ ಹಿಪ್‌ಹಾಪ್‌ನಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಅಷ್ಟೇ ಗತ್ತಿನ ವಾದ್ಯ ನಮ್ಮ ಕಾರವಾರ, ಅಂಕೋಲೆಯಲ್ಲೂ ಇದೆ: ಗುಮಟೆ. ಎರಡು ಬಾಯಿಯ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮ, ಸಣ್ಣದು ಖಾಲಿ. ಒಂದು ಕೈ ಚರ್ಮಕ್ಕೆ ಬಡಿಯುವಾಗ ಇನ್ನೊಂದು ಅಂಗೈ ಸಣ್ಣ ಬಾಯಿಯನ್ನು ಮುಚ್ಚಿ ತೆರೆದು ನಾದವನ್ನು ಬಾಗಿಸುತ್ತದೆ. ರ‍್ಯಾಪ್ ಬಯಸುವ ಬೇಸ್ ಇದರಲ್ಲೇ ಇದೆ. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು; ಉಡ ಸಂರಕ್ಷಿತ ಪ್ರಾಣಿಯಾದ ಮೇಲೆ ಆಡಿನ ಚರ್ಮ ಬಂತು. ಚೌತಿಯ ಆರತಿಗೂ ಹಾಲಕ್ಕಿ ಸಮುದಾಯದ ಗುಮಟೆ ಪಾಂಗ್ ಹಾಡಿಗೂ ಇದೇ ಜೀವ. ಗೋವಾ 2019ರಲ್ಲಿ ಇದನ್ನು ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿತು.

ಮಾತಿನ ಕಸುವಿಗೂ ಇಲ್ಲಿ ಕೊರತೆಯಿಲ್ಲ. ಚಂದನ್ ಶೆಟ್ಟಿಯವರ ‘3 ಪೆಗ್’ ಕನ್ನಡ ರ‍್ಯಾಪನ್ನು ಮನೆಮನೆಗೆ ತಲುಪಿಸಿತು, ನಾನೂ ಕುಣಿದೆ. ಆದರೆ 2025ರ ಫೆಬ್ರವರಿಯಲ್ಲಿ ತೀರಿಕೊಂಡ ಅಂಕೋಲೆಯ ಪದ್ಮಶ್ರೀ ಸುಕ್ರಿ ಬೊಮ್ಮಗೌಡರು ಬಾಯಿಪಾಠದಲ್ಲೇ ಹಾಡಿನ ಭಂಡಾರ ಹೊತ್ತು, ಸಾರಾಯಿಯ ವಿರುದ್ಧ ಬೀದಿಗಿಳಿದವರು. ಬದುಕನ್ನೇ ಹಾಡಾಗಿಸುವ ಈ ಎದೆಗಾರಿಕೆಯೇ ಹಿಪ್‌ಹಾಪ್‌ನ ಮೂಲಧಾತು. ಕನ್ನಡದ ರ‍್ಯಾಪರ್‌ಗಳೇ, ಅಂಕೋಲೆಗೆ ಬನ್ನಿ. ಗುಮಟೆಯವರನ್ನು ಹೆಸರು, ಸಂಭಾವನೆ ಸಮೇತ ಸ್ಟುಡಿಯೋಗೆ ಕರೆದೊಯ್ಯಿರಿ.